ಕಲಿಕಾ ನ್ಯೂನತೆಯಿರುವ ಮಕ್ಕಳಿಗೆ ನುಡಿಗಟ್ಟು ಕಲಿಸುವಾಗ ಚಿತ್ರವನ್ನು ಬಳಸುವ ಬಗೆ

ಡಿಸ್ಲೆಕ್ಸಿಯಾದಂತಹ ಕಲಿಕಾ ನ್ಯೂನತೆಯಿರುವ ಮಕ್ಕಳೆಲ್ಲರಿಗೂ ನುಡಿಗಟ್ಟು ತೊಡಕಾಗುತ್ತದೆಂದು ಮೊದಲೇ ತೀರ್ಮಾನಿಸಬಾರದು. ಅಕ್ಷರ ಕೂಡಿಸಿ ಓದುವಲ್ಲಿ ಮಾತ್ರ ಎಡವುವ ಮಗು, ಅದೇ ವಾಕ್ಯವನ್ನು ಇನ್ನೊಬ್ಬರು ಓದಿ ಹೇಳಿದಾಗ ಅದರ ಭಾವವನ್ನು ಸಲೀಸಾಗಿ ಹಿಡಿಯಬಹುದು. ಆದ್ದರಿಂದ ಪಾಠವನ್ನು ಬಾಯಿಮಾತಿನಲ್ಲೇ ಆರಂಭಿಸಬೇಕು. ಕೇಳಿಸಿಕೊಂಡಾಗಲೂ ಮಗು ಮತ್ತೆ ಮತ್ತೆ ಪದಗಳ ನೇರ ಅರ್ಥಕ್ಕೇ ಅಂಟಿಕೊಳ್ಳುತ್ತಿದ್ದರೆ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂತಹ ಕಡೆ ಭಾಷಾ ಪರೀಕ್ಷೆ ಮಾಡಿಸುವುದು ಒಳ್ಳೆಯದು.

'ಕಾಲಿಗೆ ಬುದ್ಧಿ ಹೇಳು' ಎಂಬುದನ್ನು ಕಪ್ಪುಹಲಗೆಯ ಮೇಲೆ ಬಿಡಿಯಾಗಿ ಬರೆದು ಅರ್ಥ ಕೇಳಿದರೆ ಮಗುವಿಗೆ ಹಿಡಿಯಲು ಯಾವ ಆಸರೆಯೂ ಇರುವುದಿಲ್ಲ. ಬದಲಿಗೆ, 'ಪೊಲೀಸರ ಸೀಟಿ ಕೇಳಿದ್ದೇ ತಡ, ಕಳ್ಳ ಚೀಲ ಬಿಸಾಡಿ ಕಾಲಿಗೆ ಬುದ್ಧಿ ಹೇಳಿದ' ಎಂದು ಹೇಳಿ, 'ಈಗ ಕಳ್ಳ ಎಲ್ಲಿರಬಹುದು?' ಎಂದು ಕೇಳಿ. ಅರ್ಥವನ್ನು ವಿವರಿಸಲಾಗದ ಮಗುವೂ ಈ ಪ್ರಶ್ನೆಗೆ ಉತ್ತರಿಸಬಲ್ಲದು.

ಚಿತ್ರದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ತನ್ನ ಪಾದದತ್ತ ಬೆರಳು ತೋರಿಸಿ ಗದರುವ ಮನುಷ್ಯನ ಚಿತ್ರ ಅರ್ಥ ಬಲ್ಲವರಿಗೆ ತಮಾಷೆಯೇ ಹೊರತು, ಅರ್ಥ ತಿಳಿಯದ ಮಗುವಿನ ಮನಸ್ಸಿನಲ್ಲಿ ನೇರ ಅರ್ಥವನ್ನೇ ಗಟ್ಟಿಮಾಡುತ್ತದೆ. ಮೊದಲು ತೋರಿಸಬೇಕಾದದ್ದು ಸನ್ನಿವೇಶದ ಚಿತ್ರವನ್ನು: ನೆಲದ ಮೇಲೆ ಬಿದ್ದ ಚೀಲ, ಓಣಿಯ ತಿರುವಿನಲ್ಲಿ ಓಡುತ್ತಿರುವ ಕಳ್ಳ. ಅರ್ಥ ನೆಲೆನಿಂತ ಮೇಲೆ ತಮಾಷೆಯ ಚಿತ್ರವನ್ನೂ ಪಕ್ಕದಲ್ಲಿಟ್ಟು, ಕಥೆಗೆ ಯಾವುದು ಹೊಂದುತ್ತದೆಂದು ಕೇಳಬಹುದು. ಮಗು ತಪ್ಪು ಚಿತ್ರವನ್ನು ಆರಿಸಿದರೆ ತಿದ್ದಲು ಆತುರಪಡದೆ, 'ಸೀಟಿ ಕೇಳಿದ ಮೇಲೂ ಕಳ್ಳ ಕಾಲಿನ ಜೊತೆ ಮಾತಾಡುತ್ತಾ ಕೂತರೆ ಏನಾಗುತ್ತದೆ?' ಎಂದು ಕೇಳಿ ಮಗುವನ್ನು ಕಥೆಯೊಳಕ್ಕೆ ಮರಳಿಸಿ.

'ಮೂಗು ತೂರಿಸು', 'ಬಾಯಿಗೆ ಬೀಗ ಹಾಕು' ಎಂಬಂತಹ, ಪದಗಳಿಂದಲೇ ಭಾವ ಹೊಳೆಯುವ ನುಡಿಗಟ್ಟುಗಳನ್ನು ಮೊದಲಿಗಿಟ್ಟುಕೊಂಡು, 'ಚಳ್ಳೆಹಣ್ಣು ತಿನ್ನಿಸು' ಎಂಬಂಥವನ್ನು ಮುಂದಕ್ಕೆ ಹಾಕಿ. 'ಎಳ್ಳುನೀರು ಬಿಡು' ಎಂಬುದು ತರ್ಪಣವನ್ನು ಕಂಡರಿಯದ ಯಾವ ಮಗುವಿಗೂ ಕಷ್ಟವೇ. ಅದನ್ನು ನ್ಯೂನತೆಯ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಕೆಲವು ದಿನಗಳ ನಂತರ ಹೊಸ ಸನ್ನಿವೇಶದಲ್ಲಿ ಪರೀಕ್ಷಿಸಿ. 'ಹಳ್ಳ ದಾಟಲು ಗೆಳೆಯ ಕೈ ಕೊಟ್ಟ', 'ಸಾಲ ತೀರಿಸುತ್ತೇನೆಂದ ಗೆಳೆಯ ಕೈ ಕೊಟ್ಟ' ಎಂಬ ಜೋಡಿಯಲ್ಲಿ ಯಾವ ಗೆಳೆಯನ ಮೇಲೆ ಸಿಟ್ಟು ಬರುತ್ತದೆಂದು ಮಗು ಬಾಯಲ್ಲಿ ಹೇಳಿದರೆ ಸಾಕು, ಬರವಣಿಗೆಯ ಉತ್ತರಕ್ಕೆ ಒತ್ತಾಯಿಸಬೇಕಿಲ್ಲ.