ಕೊಪ್ಪಳದಲ್ಲಿ ‘ಹಿಮಾಲಾ’ ತೋರಿಸುವುದಾದರೆ

ಇಶ್ಮಾಯೆಲ್ ಬರ್ನಾಲ್ 1982ರಲ್ಲಿ ಮಾಡಿದ ಈ ಫಿಲಿಪೀನ್ಸ್ ಸಿನಿಮಾಕ್ಕೆ ನಮ್ಮ ಕಡೆ ಪೀಠಿಕೆ ಬೇಕಿಲ್ಲ. ಮಳೆ ಕೈಕೊಟ್ಟ ಊರು, ಮೇರಿ ಮಾತೆಯನ್ನು ಕಂಡೆ ಎನ್ನುವ ಎಲ್ಸಾ, ಅವಳು ಮುಟ್ಟಿದರೆ ರೋಗ ವಾಸಿಯಾದೀತೆಂದು ಬಂದು ಬೀಳುವ ಜನ. ಬೇಕಾದದ್ದು ಕನ್ನಡ ಸಬ್‌ಟೈಟಲ್. ಎಡವುವುದೂ ಅಲ್ಲೇ.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುವವರು ಯೂನಿಕೋಡ್ ಆರಿಸಿಕೊಂಡೇ ಕೂರಿ. ಹಳೇ ಆಸ್ಕಿ ಅಕ್ಷರದಲ್ಲಿ ಹೊಡೆದದ್ದು ಪರದೆ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲನ್ನು ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಆರಿಸಿ. ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ ನಾಲ್ಕೈದು ಪದ. ಶುರುವಿನಲ್ಲಿ ಹೊಂದಿಕೊಂಡ ಸಾಲು ಬರುಬರುತ್ತಾ ಹಿಂದೆ ಬಿದ್ದರೆ ವಿಎಲ್‌ಸಿ ಪ್ಲೇಯರಿನಲ್ಲಿ ಸಬ್‌ಟೈಟಲನ್ನು ಹಿಂದೆ ಮುಂದೆ ಸರಿಸುವ ಜಿ, ಎಚ್ ಕೀಲಿ ಒತ್ತಿ ಪ್ರಯೋಜನವಿಲ್ಲ: ಸಬ್‌ಟೈಟಲ್ ಸೆಕೆಂಡಿಗೆ 24 ಫ್ರೇಮಿನದು, ನಿಮ್ಮ ಪ್ರತಿ 25ರದು. ಸಿನಿಮಾ ಮುಗಿಯುವಷ್ಟರಲ್ಲಿ ಸುಮಾರು 5 ನಿಮಿಷ ತಪ್ಪಿರುತ್ತದೆ. ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಫ್ರೇಮ್ ರೇಟನ್ನೇ ಬದಲಿಸಿ.

‘ದೇವರು ಮೈಮೇಲೆ ಬಂತು’ ಎಂದು ಬರೆಯಬೇಡಿ. ಎಲ್ಸಾಳ ಮೈಮೇಲೆ ಯಾರೂ ಬರುವುದಿಲ್ಲ. ಕಂಡಳೋ ಇಲ್ಲವೋ ಎಂಬುದರ ಮೇಲೇ ಕಥೆ ನಿಂತಿದೆ. ಮೇರಿ ಮಾತೆಯನ್ನು ‘ಮರಿಯಮ್ಮ’ ಎಂದರೆ ಮಾರೆಮ್ಮ ಎಂದು ಓದಿಕೊಳ್ಳುವವರಿದ್ದಾರೆ. ಪ್ರಾರ್ಥನೆಯ ಪದಗಳನ್ನು ಮುದಗಲ್ಲಿನ ಕ್ಯಾಥೋಲಿಕರನ್ನು ಕೇಳಿ ಬರೆದುಕೊಳ್ಳಿ. ಕೊನೆಯ ಭಾಷಣದ ‘ವಾಲಾಂಗ್ ಹಿಮಾಲಾ’ಕ್ಕೆ ‘ಪವಾಡ ಇಲ್ಲ’, ಎರಡೇ ಪದ. ‘ಯಾವ ಪವಾಡವೂ ನಡೆದೇ ಇಲ್ಲ’ ಎಂದು ಎಳೆದರೆ ಎಲ್ಸಾ ಪಾತ್ರದ ನೋರಾ ಔನೋರ್ ಕೂಗು ಮುಗಿದರೂ ಜನ ಓದುತ್ತಲೇ ಇರುತ್ತಾರೆ.

ಸಿನಿಮಾ ಶುರುವಾಗುವುದು ಗ್ರಹಣದಿಂದ. ಬಯಲಲ್ಲಿ ಹಾಕುವುದಾದರೆ ಬೇಸಿಗೆಯಲ್ಲಿ ಏಳೂವರೆಗೆ ಮುಂಚೆ ಬೇಡ, ಆ ದೃಶ್ಯವೇ ಕಾಣದು. ಹಕ್ಕುದಾರರ ಅನುಮತಿ ಮೊದಲೇ ಪಡೆಯಿರಿ. ಅತ್ಯಾಚಾರ, ಆತ್ಮಹತ್ಯೆಯ ದೃಶ್ಯಗಳಿವೆ ಎಂದು ತಿಳಿಸಿ, ಮಕ್ಕಳನ್ನು ಕೂರಿಸಬೇಡಿ.

ಆಮೇಲೆ ಚರ್ಚೆ. ‘ಎಲ್ಸಾ ಹೇಳಿದ್ದು ನಿಜವೇ?’ ಎಂದು ಕೇಳಿದಿರೋ, ನಂಬುವವರು ಒಂದು ಕಡೆ, ನಂಬದವರು ಒಂದು ಕಡೆ, ಮಾತು ಅಲ್ಲಿಗೇ ಮುಗಿಯಿತು. ‘ಬರದ ಊರಲ್ಲಿ ದುಡ್ಡು ಯಾರ ಕೈ ಸೇರಿತು?’ ಎಂದು ಕೇಳಿ. ಎಲ್ಸಾಳ ಗೆಳತಿ ನಿಮಿಯಾ ತೆರೆಯುವ ಕ್ಯಾಬರೆ, ಮನಿಲಾದಿಂದ ಕ್ಯಾಮೆರಾ ಹಿಡಿದು ಬರುವ ಓರ್ಲಿ. ಓರ್ಲಿಯನ್ನು ಬೇಗ ಬಿಡಬೇಡಿ. ಅತ್ಯಾಚಾರವನ್ನು ಕಣ್ಣಾರೆ ಕಂಡೂ ಊರ ಮುಂದೆ ಬಾಯಿಬಿಡದವನು ಅವನು. ನಮ್ಮ ಕೊಪ್ಪಳ ಕಡೆಯ ದೇವಿ ಹುಲಿಗೆಮ್ಮನ ಹೆಸರನ್ನು ಮಾತ್ರ ನೀವಾಗಿ ತೆಗೆಯಬೇಡಿ. ತೆಗೆದರೆ ಜನ ದೇವಿಯ ಪರ ನಿಂತುಬಿಡುತ್ತಾರೆ. ಜಾತ್ರೆಯಲ್ಲಿ ಕಾಯಿ-ಕರ್ಪೂರದ ಅಂಗಡಿ ಹಾಕಿದವರು ಒಬ್ಬರಾದರೂ ಕೂತಿರುತ್ತಾರೆ. ಲೆಕ್ಕ ಅವರೇ ಬಿಚ್ಚಲಿ.