‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯಲ್ಲಿ ಆದಿಕಾಂಡ: ಪಾಠ ಮಾಡುವವಳ ಅನುಭವ

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ವಿಕ್ಟರ್ ಎಂಬಾತ ಒಂದು ಜೀವಿಯನ್ನು ಸೃಷ್ಟಿಸಿ ಕೈಬಿಡುವ ಕಥೆ. ಅದರ ಪಾಠಕ್ಕೆ ನಾನು ಮೂರು ಪುಸ್ತಕ ಜೊತೆಗಿಟ್ಟುಕೊಳ್ಳುತ್ತೇನೆ: ಕಾದಂಬರಿ, ಸತ್ಯವೇದ (ಬೈಬಲ್), ಆದಾಮ ಹವ್ವರ ಪತನದ ಕಥೆ ಹೇಳುವ ಮಿಲ್ಟನ್ನನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’. ಸತ್ಯವೇದದಲ್ಲಿ ಬೇಕಾದದ್ದು ಅದರ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಮೂರು ಅಧ್ಯಾಯ, ಒಟ್ಟು 80 ವಚನ. ಮಿಲ್ಟನ್ನನ ಹನ್ನೆರಡು ಸರ್ಗಗಳಲ್ಲಿ 4, 8, 9, 10 ಓದಿದ್ದರೆ ಕೆಲಸ ನಡೆಯುತ್ತದೆ.

ಮೊದಲು ಎಲ್ಲರ ಕೈಯಲ್ಲೂ ಒಂದೇ ಆವೃತ್ತಿ ಇದೆಯೇ ನೋಡಬೇಕು. 1818ರದ್ದು ಮೂರು ಸಂಪುಟ, ಪ್ರತಿ ಸಂಪುಟದಲ್ಲೂ ಅಧ್ಯಾಯದ ಎಣಿಕೆ ಒಂದರಿಂದ ಶುರು. 1831ರ ಪರಿಷ್ಕೃತ ಆವೃತ್ತಿಯಲ್ಲಿ 24 ಅಧ್ಯಾಯಗಳ ಒಂದೇ ಸಾಲು. ಎರಡನ್ನೂ ಬೆರೆಸಿದರೆ ಯಾವ ಟಿಪ್ಪಣಿಯೂ ತಾಳೆಯಾಗದು. ಇಲ್ಲಿ ಕೊಟ್ಟಿರುವುದು 1831ರ ಸಂಖ್ಯೆ.

ಟಿಪ್ಪಣಿ ಪುಸ್ತಕದಲ್ಲಿ ನಾಲ್ಕು ಕಾಲಂ ಎಳೆಸುತ್ತೇನೆ: ಅಧ್ಯಾಯ, ಮಾತು ಯಾರದು, ಯಾವ ಪ್ರಸಂಗ ನೆನಪಾಗುತ್ತದೆ, ಅದು ಆದಿಕಾಂಡದ್ದೋ ಮಿಲ್ಟನ್ನನದೋ. ಕೊನೆಯ ಕಾಲಮ್ಮೇ ಮುಖ್ಯ. ಅದಿಲ್ಲದಿದ್ದರೆ ವಿದ್ಯಾರ್ಥಿಗಳು ಎಲ್ಲವನ್ನೂ ‘ಬೈಬಲ್ ಪ್ರಭಾವ’ ಎಂದು ಒಂದೇ ಗಂಟು ಕಟ್ಟಿಬಿಡುತ್ತಾರೆ.

ಉದಾಹರಣೆಗೆ 12ನೇ ಅಧ್ಯಾಯದಲ್ಲಿ ವಿಕ್ಟರ್ ಸೃಷ್ಟಿಸಿದ ಜೀವಿ ಕೊಳದ ನೀರಿನಲ್ಲಿ ತನ್ನ ಮುಖ ಕಂಡು ಬೆಚ್ಚಿಬೀಳುತ್ತದೆ. ನೀರಿನಲ್ಲಿ ತನ್ನನ್ನೇ ನೋಡಿಕೊಳ್ಳುವ ಹವ್ವಳು ಆದಿಕಾಂಡದಲ್ಲಿಲ್ಲ, ಮಿಲ್ಟನ್ನನ 4ನೇ ಸರ್ಗದಲ್ಲಿದ್ದಾಳೆ. ಅವಳಿಗೆ ಆ ಬಿಂಬ ಇಷ್ಟವಾಗುತ್ತದೆ. ತನಗೊಬ್ಬ ಸಂಗಾತಿಯನ್ನು ಮಾಡಿಕೊಡೆಂದು ಜೀವಿ ವಿಕ್ಟರ್‌ನ ಮುಂದಿಡುವ ಬೇಡಿಕೆಯೂ ಹಾಗೆಯೇ. ಆದಿಕಾಂಡ 2:18ರಲ್ಲಿ ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲವೆಂದು ದೇವರೇ ಹೇಳುತ್ತಾನೆ, ಆದಾಮ ಬಾಯಿ ತೆರೆಯುವುದಿಲ್ಲ. ಕೇಳುವುದು, ವಾದಿಸುವುದು ಮಿಲ್ಟನ್ನನ 8ನೇ ಸರ್ಗದ ಆದಾಮ. 22ನೇ ಅಧ್ಯಾಯದಲ್ಲಿ ವಿಕ್ಟರ್ ಸೇಬನ್ನು ಆಗಲೇ ತಿಂದಾಯಿತು ಎನ್ನುತ್ತಾನಲ್ಲ, ಆ ಸೇಬೂ ಆದಿಕಾಂಡದಲ್ಲಿಲ್ಲ. ಅಲ್ಲಿರುವುದು ಬರೀ ‘ಹಣ್ಣು’.

ಹಾಗೆಂದು ಆದಿಕಾಂಡವನ್ನು ಬದಿಗಿಡುವಂತಿಲ್ಲ. ನನಗೆ ಅತ್ಯಂತ ಪ್ರಿಯವಾದ ಹೋಲಿಕೆ ಅಲ್ಲಿಂದಲೇ ಬರುತ್ತದೆ. 3:21ರಲ್ಲಿ, ತಪ್ಪು ಮಾಡಿದ ಮೇಲೂ, ತೋಟದಿಂದ ಹೊರಗಟ್ಟುವ ಮೊದಲು ದೇವರು ಆದಾಮ ಹವ್ವರಿಗೆ ಚರ್ಮದ ಉಡುಪು ತೊಡಿಸುತ್ತಾನೆ. ವಿಕ್ಟರ್‌ನ ಜೀವಿ ಯಾವ ತಪ್ಪನ್ನೂ ಮಾಡಿಲ್ಲ. ಕಣ್ಣು ಬಿಟ್ಟದ್ದೇ ತಡ, ಸೃಷ್ಟಿಕರ್ತ ಓಡಿಹೋದ. ಚಳಿಗೆ ಅದು ತಾನೇ ಕೈಗೆ ಸಿಕ್ಕ ಬಟ್ಟೆ ಹೊದ್ದು ಹೊರಡುತ್ತದೆ (11ನೇ ಅಧ್ಯಾಯ). ಅದೇ ಬಟ್ಟೆಯ ಜೇಬಿನಲ್ಲಿ ತನ್ನನ್ನು ಹೇಗೆ ಮಾಡಲಾಯಿತೆಂಬ ದಿನಚರಿ ಸಿಗುತ್ತದೆ (15ನೇ ಅಧ್ಯಾಯ). ಆ ಪುಟಗಳಲ್ಲಿರುವುದು ಬರೀ ಅಸಹ್ಯ. ದೇವರು ತಾನು ಮಾಡಿದ್ದನ್ನೆಲ್ಲ ನೋಡಿ ಬಹಳ ಒಳ್ಳೆಯದೆಂದ 1:31ನ್ನು ಇದರ ಎದುರಿಗೆ ಬರೆಸುತ್ತೇನೆ. ಇಲ್ಲಿ ಪತನ ಸೃಷ್ಟಿಯಾದ ಜೀವಿಯಿಂದ ಶುರುವಾಗುವುದಿಲ್ಲ, ಸೃಷ್ಟಿಸಿದವನಿಂದ ಶುರುವಾಗುತ್ತದೆ ಎಂಬುದನ್ನು ಆಮೇಲೆ ಬಿಡಿಸಿ ಹೇಳಬೇಕಾಗಿಲ್ಲ.

‘ಮಾತು ಯಾರದು’ ಎಂಬ ಕಾಲಮ್ಮನ್ನು ಖಾಲಿ ಬಿಡಲು ಬಿಡಬೇಡಿ. ಆ ಜೀವಿಗೆ ಕಾಡಿನಲ್ಲಿ ಸಿಕ್ಕ ಚರ್ಮದ ಪೆಟ್ಟಿಗೆಯಲ್ಲಿ ಪ್ಲುಟಾರ್ಕ್ ಬರೆದ ಜೀವನಚರಿತ್ರೆಗಳು, ಗಯಟೆಯ ಕಾದಂಬರಿ ‘ವರ್ಥರ್’, ಜೊತೆಗೆ ‘ಪ್ಯಾರಡೈಸ್ ಲಾಸ್ಟ್’ ಇರುತ್ತವೆ. ಮಿಲ್ಟನ್ನನನ್ನು ಅದು ನಡೆದ ಚರಿತ್ರೆ ಎಂದೇ ಓದುತ್ತದೆ. ಹಾಗಾಗಿ ‘ನಾನು ನಿನ್ನ ಆದಾಮನಾಗಬೇಕಿತ್ತು’ ಎಂದು ಅದು ವಿಕ್ಟರ್‌ಗೆ ಹೇಳುವುದು ಲೇಖಕಿ ಹೊರಗಿನಿಂದ ಅಂಟಿಸಿದ ಅಲಂಕಾರವಲ್ಲ. ಓದಿಕೊಂಡವನೊಬ್ಬ ತನ್ನ ನ್ಯಾಯಕ್ಕೆ ಹೂಡುವ ವಾದ ಅದು.

ಪಾತ್ರಕ್ಕೊಂದು ವೇಷ ಹಂಚಿ ವಿಕ್ಟರ್ ಎಂದರೆ ದೇವರು, ಜೀವಿ ಎಂದರೆ ಆದಾಮ ಎಂದು ಬರೆದರೆ 24ನೇ ಅಧ್ಯಾಯದಲ್ಲಿ ಲೆಕ್ಕ ತಪ್ಪುತ್ತದೆ. ಸರ್ವಶಕ್ತಿಗೆ ಆಸೆಪಟ್ಟ ಪ್ರಧಾನ ದೂತನಂತೆ (ಅಂದರೆ ಸೈತಾನನಂತೆ) ನಾನು ನರಕದಲ್ಲಿ ಬಂಧಿ ಎಂದು ವಿಕ್ಟರ್ ಅಲ್ಲಿ ಹೇಳುತ್ತಾನೆ. ಕೆಲವೇ ಪುಟಗಳಾದ ಮೇಲೆ ಜೀವಿಯೂ ಮಿಲ್ಟನ್ನನ ಸೈತಾನನ ಮಾತನ್ನೇ ಎತ್ತಿಕೊಂಡು, ಕೆಡುಕೇ ನನಗೆ ಒಳಿತಾಯಿತು ಎನ್ನುತ್ತದೆ. ಆ ಅಧ್ಯಾಯದ ಸಾಲಿನಲ್ಲಿ ಎರಡು ಹೆಸರನ್ನೂ ಬರೆಸಿ.