ಪೇಟೆಬೀದಿಯ ಷಟರ್ ಎತ್ತಿಸುವುದು ಹೇಗೆ?

ಹಳೆಯ ಪೇಟೆಯಲ್ಲಿ ಮಳಿಗೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದಾಗ ವರ್ತಕರ ಸಂಘದವರು ಮೊದಲು ಕೈಹಾಕುವುದು ದೀಪಾಲಂಕಾರಕ್ಕೆ, ಸ್ವಾಗತ ಕಮಾನಿಗೆ. ಕಮಾನು ನೋಡಿ ಯಾರೂ ಅಂಗಡಿ ಇಡುವುದಿಲ್ಲ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 1989ರ ಭೂಕಂಪ, 1999ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆ, ಊರಾಚೆಯ ಮಾಲ್‌ಗಳಿಂದ ನಡುಪೇಟೆ ಸೊರಗಿತ್ತು. ಅಲ್ಲಿ 2008ರಲ್ಲಿ ಮಾರ್ಕಸ್ ವೆಸ್ಟ್‌ಬರಿ ಆರಂಭಿಸಿದ, ಖಾಲಿ ಮಳಿಗೆಗಳನ್ನು ತಾತ್ಕಾಲಿಕವಾಗಿ ಬಳಕೆಗೆ ಕೊಡಿಸುವ ‘ರಿನ್ಯೂ ನ್ಯೂಕ್ಯಾಸಲ್’ ಸಂಸ್ಥೆ ಹಿಡಿದ ದಾರಿ ನಮ್ಮ ಪೇಟೆಗಳಿಗೂ ಒಗ್ಗೀತು.

ಮೊದಲು ಎಣಿಸಿ. ವೆಸ್ಟ್‌ಬರಿ ಬೀದಿಯುದ್ದಕ್ಕೂ ನಡೆದು ಎಣಿಸಿದಾಗ ಸಿಕ್ಕಿದ್ದು ಸುಮಾರು 150 ಖಾಲಿ ಕಟ್ಟಡಗಳು. ನೀವೂ ನೋಟ್‌ಬುಕ್ ಹಿಡಿದು ಹೊರಡಿ: ಮಾಲೀಕರು ಯಾರು, ವಿದ್ಯುತ್ ಮೀಟರ್ ಉಂಟೇ, ಚಾವಣಿ ಸೋರುತ್ತದೆಯೇ. ಅಣ್ಣತಮ್ಮಂದಿರ ದಾವೆಯಲ್ಲಿರುವ ಮಳಿಗೆಯ ಗೊಡವೆ ಬೇಡ.

ಆಮೇಲೆ ಮಾಲೀಕರನ್ನು ಮಾತನಾಡಿಸಿ. ಹೆಚ್ಚಿನವರಿಗಿರುವುದು ದುರಾಸೆಯಲ್ಲ, ‘ಒಳಗೆ ಬಿಟ್ಟುಕೊಂಡರೆ ಆಮೇಲೆ ಎಬ್ಬಿಸುವವರು ಯಾರು?’ ಎಂಬ ಅಂಜಿಕೆ. ಬಾಡಿಗೆ ಇಳಿಸಿದರೆ ಪಕ್ಕದ ಮಳಿಗೆಯವನೂ ಇಳಿಸೆನ್ನುತ್ತಾನೆ ಎಂಬ ಲೆಕ್ಕಾಚಾರವೂ ಇದೆ.

ಗಂಟು ಇರುವುದು ಕರಾರು ಪತ್ರದಲ್ಲಿ. ನ್ಯೂಕ್ಯಾಸಲ್‌ನಲ್ಲಿ ಗುತ್ತಿಗೆ ಬರೆಸಲಿಲ್ಲ. ಮೂವತ್ತು ದಿನಗಳಿಗೊಮ್ಮೆ ಮುಂದುವರಿಯುವ ಅನುಮತಿ ಪತ್ರ ಕೊಟ್ಟರು. ಮಾಲೀಕರಿಗೆ ಬಾಡಿಗೆಯಿಲ್ಲ, ಆದರೆ ಕಟ್ಟಡ ಗುಡಿಸಿ ಸಾರಿಸಿದಂತಿರುತ್ತದೆ. ಪೂರ್ತಿ ಬಾಡಿಗೆ ಕೊಡುವವರು ಬಂದರೆ ಜಾಗ ತೆರವು. ನಮ್ಮಲ್ಲೂ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಇಂಥ ಪರವಾನಗಿಗೆ, ಅಂದರೆ ಬಾಡಿಗೆದಾರನ ಹಕ್ಕು ಕೊಡದೆ ಜಾಗ ಬಳಸಲು ಬಿಡುವ ಅನುಮತಿಗೆ, ಅವಕಾಶವಿದೆ. ಆದರೆ ಎಚ್ಚರ: ಪತ್ರದ ತಲೆಬರಹ ‘ಪರವಾನಗಿ’ ಎಂದಿದ್ದ ಮಾತ್ರಕ್ಕೆ ನ್ಯಾಯಾಲಯ ಒಪ್ಪುವುದಿಲ್ಲ, ಮಳಿಗೆ ನಿಜವಾಗಿ ಯಾರ ಸ್ವಾಧೀನದಲ್ಲಿದೆ ಎಂಬುದನ್ನೂ ನೋಡುತ್ತದೆ. ಛಾಪಾ ಕಾಗದದ ಅಂಗಡಿಯ ಸಿದ್ಧ ನಮೂನೆಯನ್ನು ನಂಬದೆ ವಕೀಲರಿಂದಲೇ ಬರೆಸಿ.

ಯಾರನ್ನು ಕರೆಯಬೇಕು? ಇನ್ನೊಂದು ಮೊಬೈಲ್ ಕವರ್ ಅಂಗಡಿಯನ್ನಂತೂ ಅಲ್ಲ. ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುವವರು, ಚರ್ಮದ ಚೀಲ ಹೊಲಿಯುವವರು, ಹಳೆಯ ಪುಸ್ತಕಗಳ ರಾಶಿಯಿಟ್ಟುಕೊಂಡು ಜಾಗ ಹುಡುಕುವವರು: ಗಿರಾಕಿ ಇದ್ದೂ ಮುಂಗಡ ಕೊಡಲಾಗದವರು ಇವರು. ಒಂದು ಮೇಜು, ನಾಲ್ಕು ದೀಪ, ಒಂದು ಕೈ ಸುಣ್ಣದಲ್ಲಿ ಇವರ ಬೋಣಿ ಆಗುತ್ತದೆ. ಬೇಕರಿಯವರಿಗೆ ಈ ವ್ಯವಸ್ಥೆ ಹೊಂದದು. ತಿಂಗಳ ನೋಟಿಸಿಗೆ ಒಲೆ ಕಿತ್ತುಕೊಂಡು ಹೋಗಲಾಗದು.

ನಗರಪಾಲಿಕೆಯ ಉದ್ದಿಮೆ ಪರವಾನಗಿಯ ಓಡಾಟವನ್ನು ಸಂಘವೇ ವಹಿಸಿಕೊಳ್ಳಲಿ. ಒಂಟಿ ಅಂಗಡಿ ತೆರೆಸಬೇಡಿ. ಅಕ್ಕಪಕ್ಕದ ನಾಲ್ಕೈದು ಷಟರ್ ಒಂದೇ ದಿನ ಏಳಲಿ, ಸಂಜೆ ಎಂಟರವರೆಗೆ ದೀಪ ಉರಿಯಲಿ.

ಪೂರ್ತಿ ಬಾಡಿಗೆಯ ಗಿರಾಕಿ ಬಂದ ದಿನ ಸಂಘದವರ ಎದುರೇ ಮೀಟರ್ ಓದಿ, ಬೀಗದ ಕೈ ಒಪ್ಪಿಸಿ, ಕುಚ್ಚಿನವರ ಮೇಜನ್ನು ಅದೇ ಬೀದಿಯ ಮುಂದಿನ ಖಾಲಿ ಮಳಿಗೆಗೆ ಸಾಗಿಸಿ.